ಒತ್ತು

ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ:
ಹೃದಯ-ಶ್ವಾಸಕೋಶ ಪುನಶ್ಚೇತನ.
ಹನ್ನೆರಡು ಅಕ್ಷರ, ಎರಡು ಒತ್ತು.
ಒಂದೇ ಉಸಿರಿಗೆ ಹೇಳಿದರೆ ಪೂರ್ತಿ ಅಂಕ.
ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ;
ಒಂದರಲ್ಲಿ ಮನುಷ್ಯ ಎದೆ ಹಿಡಿದು ಕೂರುತ್ತಾನೆ,
ಇನ್ನೊಂದರಲ್ಲಿ ಹಿಡಿಯಲು ಅವನೇ ಇರುವುದಿಲ್ಲ.
ಇದನ್ನೂ ಬರೆದಿಟ್ಟಿದ್ದೆ, ನೀಲಿ ನೋಟ್‌ಬುಕ್ಕಿನ ಎಡಪುಟದಲ್ಲಿ.

ಡ್ಯಾಂಡಿನಾಂಗ್. ಜುಲೈ. ಬೆಳಗಿನ ಆರಕ್ಕೆ ಹತ್ತು ನಿಮಿಷ.
ಮಕ್ಕಳು ಏಳಬಾರದೆಂದು ವಾಷಿಂಗ್ ಮಷೀನಿನ ಕೋಣೆಯಲ್ಲಿ
ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೇನೆ.
ಟ್ರಿಪಲ್ ಝೀರೋ. ಕ್ವೀನ್ಸ್‌ಲ್ಯಾಂಡ್. ಭಾಷೆ: ಕನ್ನಡ.
ದುಭಾಷಿಯ ನಿಯಮ ಒಂದೇ: ನನಗೆ ನಾನಿಲ್ಲ.
ಆಕೆ "ನಾನು" ಅಂದರೆ ನಾನೂ "ನಾನು" ಅನ್ನಬೇಕು,
ಆಪರೇಟರ್ "ನಾನು" ಅಂದರೆ ಅದೂ ನಾನೇ.

"ನಾ ಗುರುಬಸವ್ವ ರೀ, ಟುವೂಂಬಾದಾಗಿಂದ.
ಮಗಳ ಬಾಣಂತನಕ್ಕ ಬಂದೀನಿ.
ಬಾಜೂ ಮನಿಯಾಂವ ಕಸದ ಡಬ್ಬಿ ಎಳಕೋತ ಬಿದ್ದಾನ್ರೀ.
ಗೊರಕಿ ಹೊಡದಂಗ ಮಾಡಾಕತ್ತಾನ."

ಗೊರಕೆಯಲ್ಲ.
ಆಪರೇಟರಿಗೆ ಅದರ ಹೆಸರು ಗೊತ್ತು,
ನನ್ನ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಖಾಲಿ ಜಾಗ.
ಅಜ್ಜಿ ಮೇಲುಸಿರು ಅನ್ನುತ್ತಿದ್ದಳು,
ಅಂದು, ತುಳಸಿ ನೀರು ತರಲು ಯಾರನ್ನಾದರೂ ಓಡಿಸುತ್ತಿದ್ದಳು.

"ಕಂಪ್ರೆಷನ್ಸ್ ಶುರು ಮಾಡಲಿ," ಅಂದಿತು ಬ್ರಿಸ್ಬೇನಿನ ದನಿ.
ಹನ್ನೆರಡು ಅಕ್ಷರ ನಾಲಿಗೆಯ ತನಕ ಬಂದು
ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತ ನಿಂತವು.
"ಅಮ್ಮಾ, ಎದೆ ನಡುವೆ ಎರಡೂ ಕೈ ಇಟ್ಟು ಒತ್ತಿ."

"ಪರಗಂಡಸು ರೀ! ಎದಿ ಮ್ಯಾಲ ಕೈ ಹೆಂಗಿಡ್ಲಿ?"

ನಿಷ್ಠೆಯಿಂದ ಅನುವಾದಿಸಿದೆ.
ಅತ್ತ ಒಂದು ಕ್ಷಣ ಕೀಬೋರ್ಡೂ ಸುಮ್ಮನಾಯಿತು.
"ಅವರು ಏನೂ ಅಂದುಕೊಳ್ಳುವುದಿಲ್ಲ. ಒತ್ತಿ."

"ಎಷ್ಟ್ ಆಳ?"
ಐದು ಸೆಂಟಿಮೀಟರ್.
ಐದು ಸೆಂಟಿಮೀಟರ್, ಅಂದೆ. ಉತ್ತರವಿಲ್ಲ.
ಆಗ ನಿಯಮ ಮುರಿದೆ:
ಮೂರು ಬೆರಳು ಇಳಿಯಬೇಕಮ್ಮಾ. ರೊಟ್ಟಿ ತಟ್ಟಿದ ಹಾಗಲ್ಲ,
ಹಿಟ್ಟು ನಾದಿದ ಹಾಗೆ, ಮೈಭಾರ ಬಿಟ್ಟು.
ಒತ್ತಿ, ಬಿಡಿ. ಬಿಡುವುದನ್ನು ಮರೀಬೇಡಿ.

"ಲಟಕ್ ಅಂತರೀ! ಎಲುಬು ಮುರೀತು!
ನಾ ಕೊಂದ್ನೇನ್ರೀ?"

ನಾನು ಕೊಂದೆನಾ, ಎಂದು ಇಂಗ್ಲಿಷಿನಲ್ಲಿ ಕೇಳಿದವಳು ನಾನು.
ಎಲುಬು ಕೂಡುತ್ತದೆ, ನಿಲ್ಲಿಸಬೇಡಿ, ನಾನು ಇಲ್ಲೇ ಇದ್ದೇನೆ,
ಎಂದು ಕನ್ನಡದಲ್ಲಿ ಹೇಳಿದವಳೂ ನಾನು.

ಎದೆ ಬಡಿದುಕೊಳ್ಳುವುದು ಅವಳಿಗೆ ಗೊತ್ತಿತ್ತು:
ತನ್ನದೇ ಎದೆ, ಹೆಣದ ಸುತ್ತ, ಎಲ್ಲ ಮುಗಿದ ಮೇಲೆ.
ಇದು ತಿರುಗುಮುರುಗು.

ಎಣಿಸಿದೆವು. ಹತ್ತರ ತನಕ, ಮತ್ತೆ ಒಂದರಿಂದ.
ಒಂದ್, ಎರಡ್, ಮೂರ್, ನಾಕ್.
ಐದಾದ ಮೇಲೆ ಆರು, ಆರಿದ ಮೇಲೆ ಏಳು.
ಇಷ್ಟು ವರ್ಷ ಲೆಕ್ಕ ಮಾಡಿದ್ದೇನೆ, ಹಾಲಿನದು, ಬಾಡಿಗೆಯದು,
ಆ ಅಂಕಿಗಳು ಹೀಗೆ ಕಿವಿಗೆ ಬಿದ್ದಿರಲಿಲ್ಲ.
ಅವಳಿಗೂ ಬಿತ್ತೇನೋ.
ನಾಲ್ಕನೆಯ ಸುತ್ತಿನಿಂದ ಉಳಿದ ಅಂಕಿಗಳು ಬರೀ ಏದುಸಿರು,
ಏಳಕ್ಕೆ ಮಾತ್ರ ಗಂಟಲು ಹರಿಯುವ ಕೂಗು:
"ಏಳ್!"
ಅವಳ ಭಾಷೆ ಗೊತ್ತಿಲ್ಲದವನ ಕಿವಿಯಲ್ಲಿ.
"ಏಳ್ ಅಂತೀನಿ!"
ಇದನ್ನು ಸೆವೆನ್ ಎಂದು ಅನುವಾದಿಸಲೇ?
ಸುಮ್ಮನಿದ್ದೆ. ಅದು ಎರಡನೇ ತಪ್ಪು.

ಹನ್ನೊಂದು ನಿಮಿಷ. ಕಾಂಕ್ರೀಟಿನ ಮೇಲೆ ಬೂಟುಗಳು,
ಜಿಪ್ಪು ಎಳೆದ ಸದ್ದು, ಅಪರಿಚಿತ ಗಂಡುದನಿಗಳು.
"ಬಂದ್ರು ರೀ. ಕೈ ತಗೀ ಅನ್ನಾಕತ್ತಾರ.
ತಗೀಲೇನ್ರೀ?"
ತೆಗೀರಿ, ಅಂದೆ.
ಕರೆ ಕಡಿಯಿತು.

ಫಾರ್ಮಿನಲ್ಲಿ ಅವಧಿಗೆ ಖಾನೆ ಇದೆ, ಭಾಷೆಗೆ ಇದೆ,
ಅವನು ಎದ್ದನೇ ಎಂಬುದಕ್ಕೆ ಇಲ್ಲ.
ತೊಡೆಯ ಮೇಲಿನ ಮಡಿಸಿದ ಟವೆಲ್ಲುಗಳಲ್ಲಿ
ಅಂಗೈಯಗಲದ ಗುಳಿ.
ಕೈ ಹಾಕಿ ನೋಡಿದೆ, ಮೂರು ಬೆರಳು ಇಳಿಯಿತು.

ಆರೂ ಹದಿನಾರಕ್ಕೆ ಇನ್ನೊಂದು ಕರೆ, ಕರೆಂಟು ಕಂಪನಿಯದು.
"ನಾನು ಎರಡು ಕಂತಿನಲ್ಲಿ ಕಟ್ಟಬಹುದಾ?"
ಎಂದು ಕೇಳಿದೆ ನಾನು,
ಯಾರೋ ಒಬ್ಬರಿಗಾಗಿ, ಇನ್ನೂ ಏದುಸಿರು ಬಿಡುತ್ತ.